ಸಮಾಜ ವಿಜ್ಞಾನಕ್ಕೆ ಪ್ರಾಕ್ಟಿಕಲ್ ಯಾಕಿಲ್ಲ?

ಭಾಗ 1/8

"ಸ್ಕೂಲಲ್ಲಿ ಪೈಥಾಗೊರಸ್ ಪ್ರಮೇಯ ಹೇಳ್ಕೊಟ್ರು, ಟ್ಯಾಕ್ಸ್ ಬಗ್ಗೆ ಹೇಳ್ಕೊಡ್ಲಿಲ್ಲ." ಈ ಥರದ ರೀಲ್ ನಿಮ್ಮ ಫೀಡ್‌ಗೂ ಬಂದಿರುತ್ತೆ. ಕೆಳಗೆ ಕಾಮೆಂಟಲ್ಲಿ ಎಲ್ರೂ "ನಿಜ ಗುರೂ" ಅಂತ ಹಾಕಿರ್ತಾರೆ.

ನಾನು ಇದನ್ನ ಒಪ್ಪಲ್ಲ. ಹೇಳ್ಕೊಟ್ಟಿದ್ರು. ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನದಲ್ಲಿ ಸಾರ್ವಜನಿಕ ಹಣಕಾಸು ಅಂತ ಒಂದು ಪಾಠ ಇದೆ, ನೆನಪು ಮಾಡ್ಕೊಳ್ಳಿ. ನೇರ ತೆರಿಗೆ, ಪರೋಕ್ಷ ತೆರಿಗೆ, ಬಜೆಟ್, ಕೊರತೆ ಎಲ್ಲ ಅದರಲ್ಲೇ ಇತ್ತು. "ವ್ಯತ್ಯಾಸ ತಿಳಿಸಿ" ಅಂತ ಕೇಳಿದ್ರೆ ಪುಟದ ಮಧ್ಯೆ ಗೆರೆ ಎಳೆದು, ಆ ಕಡೆ ಎರಡು ಈ ಕಡೆ ಎರಡು ಅಂಶ ಬರೆದು, ಮಾರ್ಕ್ಸ್ ತಗೊಂಡು ಬಂದ್ವಿ. ಪರೀಕ್ಷೆ ಮುಗೀತು, ಪುಸ್ತಕ ರದ್ದಿಗೆ ಹೋಯ್ತು. ಈಗ ನಮಗೆ ಯಾರೂ ಹೇಳ್ಕೊಡ್ಲೇ ಇಲ್ಲ ಅಂತೀವಿ.

ಅಂದ್ರೆ ಪಾಠ ಇತ್ತು, ಆದ್ರೆ ನಮ್ಮ ಕೈಗೆ ಬರಲಿಲ್ಲ. ಯಾಕೆ? ಈ ಎಂಟು ಪೋಸ್ಟಲ್ಲಿ ನಾನು ಹೇಳೋದು ಒಂದೇ ಮಾತು. ವಿಜ್ಞಾನಕ್ಕೆ ಲ್ಯಾಬ್ ಇದೆ. ಕಂಪ್ಯೂಟರ್‌ಗೆ ಲ್ಯಾಬ್ ಇದೆ. ಸಮಾಜ ವಿಜ್ಞಾನದ ಲ್ಯಾಬ್ ಶಾಲೆ ಗೇಟಿನ ಹೊರಗೇ ಇದೆ: ಪಂಚಾಯ್ತಿ ಆಫೀಸು, ಬ್ಯಾಂಕು, ನ್ಯಾಯಬೆಲೆ ಅಂಗಡಿ, ಎಪಿಎಂಸಿ, ಬಸ್ ಸ್ಟ್ಯಾಂಡು. ಅದಕ್ಕೆ ಕಟ್ಟಡ ಬೇಡ, ಟೆಸ್ಟ್‌ಟ್ಯೂಬ್ ಬೇಡ. ಆದ್ರೂ ಆರರಿಂದ ಹತ್ತನೇ ಕ್ಲಾಸಿನ ತನಕ ಒಂದು ಸಲಾನೂ ಅಲ್ಲಿಗೆ ಹೋಗದೆ ಸಮಾಜ ವಿಜ್ಞಾನ "ಮುಗಿಸಿ" ಬಿಡ್ತೀವಿ.

ಎಂಟು, ಒಂಬತ್ತು, ಹತ್ತರಲ್ಲಿ ಓದ್ತಿರೋರು ಈ ಪೇಜ್ ಫಾಲೋ ಮಾಡ್ತೀರ, ನಂಗೆ ಗೊತ್ತು. ಇದು ಮುಖ್ಯವಾಗಿ ನಿಮಗೆ. ನಮ್ಮ ಬಿಕಾಂ ಕ್ಲಾಸಿನವ್ರು ಕೊನೇ ಪೋಸ್ಟ್ ತನಕ ಇರಿ, ನಿಮಗೂ ಒಂದು ಕೆಲಸ ಇದೆ.

ಭಾಗ 2/8

ಮೊದ್ಲು ಪುಸ್ತಕದ ಪರವಾಗಿ ಸ್ವಲ್ಪ ಮಾತಾಡ್ತೀನಿ. ಅದನ್ನ ಬೈಯೋದು ಸುಲಭ, ತೆಗೆದು ನೋಡಿದವ್ರು ಕಮ್ಮಿ.

ನಮ್ಮ ರಾಜ್ಯ ಪಠ್ಯದ ಹೈಸ್ಕೂಲ್ ಸಮಾಜ ವಿಜ್ಞಾನ ಅಂದ್ರೆ ಒಂದು ವಿಷಯ ಅಲ್ಲ, ಆರು. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ. ಕೊನೇದು ನಮ್ಮ ಕಾಮರ್ಸ್. ಪಿಯುಸಿಗೆ ಬರೋಕೂ ಮೊದ್ಲೇ ಬ್ಯಾಂಕ್ ವ್ಯವಹಾರ, ಉದ್ಯಮಗಾರಿಕೆ, ಗ್ರಾಹಕರ ಶಿಕ್ಷಣ ಮತ್ತು ರಕ್ಷಣೆ ಅಂತ ಪಾಠಗಳು ಇವೆ. ಉಳಿತಾಯ ಖಾತೆ, ಚಾಲ್ತಿ ಖಾತೆ, ಆರ್‌ಡಿ, ನಿಶ್ಚಿತ ಠೇವಣಿ ಎಲ್ಲ ಹತ್ತನೇ ಕ್ಲಾಸಲ್ಲೇ ಬರುತ್ತೆ. ಸಿಬಿಎಸ್‌ಇ ಓದಿದವ್ರಿಗೂ ಹಣ ಮತ್ತು ಸಾಲದ ಬಗ್ಗೆ, ಗ್ರಾಹಕರ ಹಕ್ಕಿನ ಬಗ್ಗೆ ಪಾಠ ಇದೆ.

ಸಮಾಜಶಾಸ್ತ್ರದಲ್ಲಿ ದುಡಿಮೆ ಬಗ್ಗೆ ಇದೆ. ಸಂಘಟಿತ ವಲಯ, ಅಸಂಘಟಿತ ವಲಯ, ಕೂಲಿಯಲ್ಲಿ ತಾರತಮ್ಯ. ನಮ್ಮ ಕ್ಲಾಸಲ್ಲೇ ಕಾಲೇಜ್ ಮುಗಿಸ್ಕೊಂಡು ಸಂಜೆ ಡೆಲಿವರಿಗೆ ಹೋಗೋರು ಇದ್ದಾರೆ. 2025ರಲ್ಲಿ ಕರ್ನಾಟಕ ಸರ್ಕಾರ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ತಂದಾಗ, ಅದು ತಮ್ಮ ಬಗ್ಗೆನೇ ಅಂತ ಅವರಲ್ಲಿ ಎಷ್ಟು ಜನಕ್ಕೆ ಅನಿಸ್ತು?

ಹದಿನಾಲ್ಕು ಹದಿನೈದು ವಯಸ್ಸಿಗೆ ಓದೋ ಈ ಪಾಠಗಳು ಹದಿನೆಂಟು ಇಪ್ಪತ್ತಕ್ಕೆ ನಮ್ಮ ಎದುರಿಗೇ ಬಂದು ನಿಲ್ತವೆ. ವೋಟು, ಬ್ಯಾಂಕು, ಸಾಲ, ಕೆಲಸ, ಬಿಲ್ಲು. ಸಿಲಬಸ್ ಮಾಡಿದವ್ರು ಇದನ್ನೆಲ್ಲ ಯೋಚನೆ ಮಾಡಿಯೇ ಹಾಕಿದಾರೆ. ಹಾಗಾಗಿ ಹೊಸದಾಗಿ "ಲೈಫ್ ಸ್ಕಿಲ್ಸ್" ಅಂತ ಇನ್ನೊಂದು ಪುಸ್ತಕ ತನ್ನಿ ಅಂತ ನಾನು ಕೇಳ್ತಿಲ್ಲ. ಬ್ಯಾಗ್ ಈಗ್ಲೇ ಭಾರ ಇದೆ. ಇರೋ ಪುಸ್ತಕನ ಕೈಯಲ್ಲಿ ಹಿಡ್ಕೊಂಡು ಹೊರಗೆ ಹೋಗೋಣ ಅಂತಿದೀನಿ.

ಭಾಗ 3/8

ಹಾಗಾದ್ರೆ ಪಾಠ ಎಲ್ಲಿ ಕಳೆದು ಹೋಗುತ್ತೆ? ಪರೀಕ್ಷೆಯಲ್ಲಿ.

ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನಕ್ಕೆ 80 ಅಂಕದ ಬರವಣಿಗೆ, 20 ಅಂಕದ ಆಂತರಿಕ ಮೌಲ್ಯಮಾಪನ. 80ಕ್ಕೆ ಏನು ಮಾಡ್ತೀವಿ ಎಲ್ರಿಗೂ ಗೊತ್ತು. ಹಳೇ ಪ್ರಶ್ನೆಪತ್ರಿಕೆ, ಕೀ ಆನ್ಸರ್, ಮತ್ತೆ ಪಾಸಿಂಗ್ ಪ್ಯಾಕೇಜ್. ಯಾವ ಪಾಠದಿಂದ ಎಷ್ಟು ಮಾರ್ಕ್ಸ್ ಬರುತ್ತೆ ಅಂತ ಲೆಕ್ಕ ಹಾಕಿ, ಮಾರ್ಕ್ಸ್ ಕಮ್ಮಿ ಇರೋ ಪಾಠನ ಪಕ್ಕಕ್ಕಿಡ್ತೀವಿ. ಸಾಮಾನ್ಯವಾಗಿ ಹಾಗೆ ಪಕ್ಕಕ್ಕೆ ಹೋಗೋದು ಪುಸ್ತಕದ ಕೊನೇಲಿರೋ ವ್ಯವಹಾರ ಅಧ್ಯಯನ, ಅಂದ್ರೆ ಮುಂದೆ ನಮಗೆ ಜಾಸ್ತಿ ಬೇಕಾಗೋದೇ!

ನಕ್ಷೆ ಪ್ರಶ್ನೆ ನೋಡಿ. ಕಣ್ಣು ಮುಚ್ಕೊಂಡು ಭಾರತದ ನಕ್ಷೆ ಬರೆಯೋರು ನಮ್ಮಲ್ಲಿದಾರೆ. ಹಿರಾಕುಡ್ ಎಲ್ಲಿ, ಭಾಕ್ರಾ ನಂಗಲ್ ಎಲ್ಲಿ, ಕಾಂಡ್ಲಾ ಬಂದರು ಎಲ್ಲಿ, ಟಕ್ ಅಂತ ಚುಕ್ಕೆ ಇಡ್ತಾರೆ. ಒಳ್ಳೇದೇ. ಆದ್ರೆ ನಿಮ್ಮನೆ ನಲ್ಲಿಗೆ ನೀರು ಎಲ್ಲಿಂದ ಬರುತ್ತೆ ಅಂತ ಕೇಳಿ ನೋಡಿ. "ಟ್ಯಾಂಕಿಂದ" ಅಂತಾರೆ. ನಮ್ಮ ದಾವಣಗೆರೆಗೆ ತುಂಗಭದ್ರಾ ಹೊಳೆ ನೀರು, ಭದ್ರಾ ಕಾಲುವೆ ನೀರು ಬರುತ್ತೆ. ಬೆಳಿಗ್ಗೆ ವಾಕಿಂಗ್ ಹೋಗ್ತೀವಲ್ಲ ಕುಂದವಾಡ ಕೆರೆ, ಅದು ಬರೀ ಫೋಟೋ ಸ್ಪಾಟ್ ಅಲ್ಲ, ಕುಡಿಯೋ ನೀರು ಶೇಖರಿಸೋ ಜಾಗ. ಒಡಿಶಾದ ಡ್ಯಾಮ್ ಗೊತ್ತಿದ್ದು ನಮ್ಮೂರಿನ ಕೆರೆ ಗೊತ್ತಿಲ್ಲ ಅಂದ್ರೆ ಅದು ಭೂಗೋಳ ಕಲಿತ ಹಾಗಾಯ್ತಾ?

ಇನ್ನು ಆ 20 ಅಂಕ. ಚಟುವಟಿಕೆ, ಪ್ರಾಜೆಕ್ಟ್ ಮಾಡಿಸ್ಬೇಕು ಅಂತಾನೇ ಅದನ್ನ ಇಟ್ಟಿರೋದು. ಆಗೋದೇನು? ಸ್ಟೇಷನರಿ ಅಂಗಡಿಯಿಂದ ಚಾರ್ಟ್, ಗಾಂಧೀಜಿ ಅಂಬೇಡ್ಕರ್ ಸ್ಟಿಕ್ಕರ್, ಇಂಟರ್ನೆಟ್ ಇಂದ ಎರಡು ಪುಟ ಪ್ರಿಂಟು. ಈಗಂತೂ ಎಐಗೆ ಹೇಳಿದ್ರೆ ಹತ್ತು ಸೆಕೆಂಡು. ಎಲ್ರಿಗೂ ಹತ್ತೊಂಬತ್ತು, ಇಪ್ಪತ್ತು.

ಇರೋ ಈ 20 ಅಂಕನೇ ಪ್ರಾಕ್ಟಿಕಲ್ ಮಾಡ್ಬಹುದಲ್ವಾ? ಹೊಸ ಆದೇಶ ಬೇಡ, ಹೊಸ ಅನುದಾನ ಬೇಡ.

ಭಾಗ 4/8

ಪ್ರಾಕ್ಟಿಕಲ್ ಇಲ್ದೇ ಇದ್ರೆ ಏನು ನಷ್ಟ ಅಂತ ಕೇಳ್ತೀರಾ? ರೂಪಾಯಿ ಲೆಕ್ಕದಲ್ಲೇ ಹೇಳ್ತೀನಿ. (ಅವಳನ್ನ ಕೇಳ್ಕೊಂಡೇ ಬರೀತಿದೀನಿ, ಹೆಸರು ಬೇಡ ಅಂದ್ಳು.)

ನಮ್ಮ ಕ್ಲಾಸಿನವಳು ಪಾರ್ಟ್‌ಟೈಮ್ ಕೆಲಸ ಮಾಡಿ ಕೂಡಿಟ್ಟ ದುಡ್ಡಲ್ಲಿ 14,000 ರೂಪಾಯಿ ಫೋನ್ ತಗೊಂಡ್ಳು. ಮೂರು ತಿಂಗಳಿಗೆ ಸ್ಕ್ರೀನ್ ಮೇಲೆ ಹಸಿರು ಗೆರೆ ಬಂತು. ವಾರಂಟಿ ಇದೆ ಅಂತ ಧೈರ್ಯವಾಗಿ ಹೋದ್ರೆ, "ನೀರು ಬಿದ್ದಿದೆ, ವಾರಂಟಿ ಬರಲ್ಲ, 6,000 ಆಗುತ್ತೆ" ಅಂದ್ರು. ನೀರು ಬಿದ್ದಿರಲಿಲ್ಲ. ಕೌಂಟರಲ್ಲಿ ಎರಡು ಸಲ ಹೇಳಿದ್ಳು, ಅವರು ಮುಂದಿನ ಟೋಕನ್ ಕರೆದ್ರು. ದುಡ್ಡು ಕಟ್ಟಿ ಬಂದ್ಳು. ಎರಡು ತಿಂಗಳ ಸಂಬಳ ಅದು.

ಅವಳಿಗೆ ಹತ್ತನೇ ಕ್ಲಾಸಲ್ಲಿ ಸಮಾಜಕ್ಕೆ 80ಕ್ಕೆ 76. "ಗ್ರಾಹಕರ ಹಕ್ಕುಗಳನ್ನು ಪಟ್ಟಿ ಮಾಡಿ" ಅಂದ್ರೆ ಈಗ್ಲೂ ಹೇಳ್ತಾಳೆ. ಆದ್ರೆ ದೂರು ಹೇಗೆ ಬರೀಬೇಕು ಅಂತ ಯಾರೂ ಅವಳ ಕೈಲಿ ಒಂದು ಸಲಾನೂ ಬರೆಸಿರಲಿಲ್ಲ.

ಇದನ್ನ ಸೇವ್ ಮಾಡ್ಕೊಳ್ಳಿ. 1986ರ ಗ್ರಾಹಕ ಕಾನೂನಿನ ಜಾಗಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಿದೆ, 2020ರ ಜುಲೈನಿಂದ ಜಾರಿಯಲ್ಲಿದೆ. ಮೊದ್ಲು 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ. ಲಾಯರ್ ಇಟ್ಕೊಳ್ಳೇಬೇಕು ಅಂತಿಲ್ಲ, ನೀವೇ ಹೋಗಿ ವಾದ ಮಾಡಬಹುದು. ವಸ್ತುವಿಗೆ ನೀವು ಕೊಟ್ಟಿರೋ ಬೆಲೆ 5 ಲಕ್ಷದ ಒಳಗಿದ್ರೆ ಆಯೋಗಕ್ಕೆ ಶುಲ್ಕ ಇಲ್ಲ. ಕಂಪನಿ ಯಾವ ಊರಲ್ಲೇ ಇರಲಿ, ನೀವಿರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಸಮಸ್ಯೆ ಆದಾಗಿನಿಂದ ಎರಡು ವರ್ಷದ ಒಳಗೆ ಕೊಡಬೇಕು.

ಆ ಎರಡು ವರ್ಷ ಇನ್ನೂ ಮುಗಿದಿಲ್ಲ. ಅವಳು ಬಿಲ್ಲು, ಸರ್ವಿಸ್ ಸೆಂಟರಿನ ಜಾಬ್ ಶೀಟು ಜೋಡಿಸಿಡ್ತಿದಾಳೆ.

ಒಂಬತ್ತು ಹತ್ತನೇ ಕ್ಲಾಸಲ್ಲಿ ಪ್ರತಿಯೊಬ್ರ ಕೈಲೂ ಒಂದು ದೂರು ಪತ್ರ ಬರೆಸಿದ್ರೆ ಎಷ್ಟು ಹೊತ್ತಾಗುತ್ತೆ? ಒಂದು ಪೀರಿಯಡ್.

ಭಾಗ 5/8

ಈಗ ರಾಜ್ಯಶಾಸ್ತ್ರ. ಒಂದು ಪ್ರಶ್ನೆ: ಸಮಾಜ ವಿಜ್ಞಾನದಲ್ಲಿ ನಿಮಗೆ ಇವತ್ತಿಗೂ ಚೆನ್ನಾಗಿ ನೆನಪಿರೋದು ಏನು?

ತುಂಬಾ ಜನ ಶಾಲಾ ಸಂಸತ್ತಿನ ಚುನಾವಣೆ ಅಂತಾರೆ. ನಾಮಪತ್ರ, ಪ್ರಚಾರ, ಬೆರಳಿಗೆ ಶಾಯಿ, ಎಣಿಕೆ, ಆಮೇಲೆ ನೀರಾವರಿ ಮಂತ್ರಿ, ಸ್ವಚ್ಛತಾ ಮಂತ್ರಿ. ಯಾವ ಗೈಡೂ ಇಲ್ಲದೆ ಮತದಾನ ಅಂದ್ರೆ ಏನು ಅಂತ ತಲೇಲಿ ಕೂತಿದೆ. ಯಾಕಂದ್ರೆ ಅದನ್ನ ಮಾಡಿ ಕಲಿತ್ವಿ. ಪ್ರಾಕ್ಟಿಕಲ್ ಕೆಲಸ ಮಾಡುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಬೇಜಾರಂದ್ರೆ ಅದು ಪ್ರಮಾಣವಚನಕ್ಕೇ ನಿಂತು ಹೋಗುತ್ತೆ. ಸ್ವಚ್ಛತಾ ಮಂತ್ರಿ ಹೆಡ್‌ಮಾಸ್ಟರ್ ಹತ್ರ ಹೋಗಿ ಟಾಯ್ಲೆಟ್‌ಗೆ ನೀರಿಲ್ಲ ಅಂತ ಬರೆದು ಕೊಟ್ಟಿದ್ದನ್ನ ನೀವು ನೋಡಿದೀರಾ?

ಮುಂದಿನ ಹೆಜ್ಜೆನೂ ನಮ್ಮ ರಾಜ್ಯದಲ್ಲಿ ಇದೆ: ಮಕ್ಕಳ ಗ್ರಾಮಸಭೆ. ಪಂಚಾಯ್ತಿ ಅಧ್ಯಕ್ಷರು, ಪಿಡಿಒ ಎಲ್ಲ ಕೂತಿರ್ತಾರೆ, ಮಕ್ಕಳು ಎದ್ದು ಕೇಳಬಹುದು. ಶಾಲೆಗೆ ಕಾಂಪೌಂಡ್ ಇಲ್ಲ, ದಾರೀಲಿ ಬೀದಿ ದೀಪ ಇಲ್ಲ, ಬಸ್ಸು ಟೈಮಿಗೆ ಬರಲ್ಲ, ಯಾವುದಾದ್ರೂ. ಆದ್ರೆ ಎಷ್ಟೋ ಕಡೆ ಅದು ಬ್ಯಾನರ್, ಭಾಷಣ, ಬಿಸ್ಕತ್ತು ಅಷ್ಟಕ್ಕೇ ಮುಗಿಯುತ್ತೆ. ಹೋಗೋಕೆ ಮೊದ್ಲು ಕ್ಲಾಸಲ್ಲಿ ಕೂತು ಮೂರು ಬೇಡಿಕೆ ಬರ್ಕೊಂಡು ಹೋಗಿ. ಮುಂದಿನ ವರ್ಷ ಅದೇ ಚೀಟಿ ತಗೊಂಡು ಹೋಗಿ "ಇದೇನಾಯ್ತು ಸರ್?" ಅಂತ ಕೇಳಿ. ಸಂವಿಧಾನದ 73ನೇ ತಿದ್ದುಪಡಿ, 1993ರ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಎಲ್ಲ ಈ ಒಂದು ಪ್ರಶ್ನೆ ಕೇಳೋ ಜಾಗ ಮಾಡಿಕೊಡೋಕೇ ಬಂದಿರೋದು.

ಉತ್ತರ ಬರಲಿಲ್ವಾ? 2005ರ ಮಾಹಿತಿ ಹಕ್ಕು ಇದೆ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿ ಬರೆಯೋದನ್ನ ಕನ್ನಡ ಪೇಪರಿನ ಪತ್ರಲೇಖನ ಥರ ಅಭ್ಯಾಸ ಮಾಡಿಸಬಹುದು.

17 ಆಗಿರೋರಿಗೆ: ವೋಟರ್ ಲಿಸ್ಟಿಗೆ ನಮೂನೆ 6ರಲ್ಲಿ ಮುಂಗಡವಾಗಿ ಅರ್ಜಿ ಹಾಕಬಹುದು. 18 ತುಂಬೋ ತನಕ ಕಾಯಬೇಕಿಲ್ಲ.

ಭಾಗ 6/8

ಇತಿಹಾಸದ ಬಗ್ಗೆ ಬರೆಯೋಕೆ ಸ್ವಲ್ಪ ಹೆದರಿಕೆ, ಕಾಮೆಂಟಲ್ಲಿ ಜಗಳ ಶುರು ಆಗುತ್ತೆ. ಆದ್ರೂ ಬರೀತೀನಿ.

2022ರಲ್ಲಿ ಪಠ್ಯ ಪರಿಷ್ಕರಣೆ ಬಗ್ಗೆ ದೊಡ್ಡ ಗಲಾಟೆ ಆಯ್ತು. 2023ರಲ್ಲಿ ಸರ್ಕಾರ ಬದಲಾಯ್ತು, ಪಾಠಗಳೂ ಮತ್ತೆ ಬದಲಾದ್ವು. ಟಿವಿಲಿ ಚರ್ಚೆ, ಬೀದಿಲಿ ಪ್ರತಿಭಟನೆ, ಎರಡು ಕಡೆಯವ್ರಿಗೂ ಸಿಟ್ಟು. ಯಾವ ಪಾಠ ಇರಬೇಕು ಅನ್ನೋದು ಮುಖ್ಯ ಪ್ರಶ್ನೆನೇ, ಇಲ್ಲ ಅನ್ನಲ್ಲ. ಆದ್ರೆ ಆ ಪಾಠ ಬಂದ್ರೂ ಹೋದ್ರೂ ಕ್ಲಾಸಲ್ಲಿ ಆಗೋದು ಒಂದೇ ಅಲ್ವಾ? ಓದು, ಅಂಡರ್‌ಲೈನ್, ಪ್ರಶ್ನೋತ್ತರ, ಬಾಯಿಪಾಠ. "ಇದು ನಿಜ ಅಂತ ನಮಗೆ ಹೇಗೆ ಗೊತ್ತು?" ಅಂತ ಕೇಳೋದನ್ನ ಹಳೇ ಪುಸ್ತಕನೂ ಅಭ್ಯಾಸ ಮಾಡಿಸಲಿಲ್ಲ, ಹೊಸ ಪುಸ್ತಕನೂ ಮಾಡಿಸಲ್ಲ. ಅದು ಬಾರದವ್ರು ನಾಳೆ ಫ್ಯಾಮಿಲಿ ಗ್ರೂಪಿಗೆ ಬರೋ ಯಾವ ಫಾರ್ವರ್ಡ್ ಆದ್ರೂ ನಂಬ್ತಾರೆ, ಎಡದ್ದಾಗ್ಲಿ ಬಲದ್ದಾಗ್ಲಿ.

ಈ ಪ್ರಶ್ನೆ ಅಭ್ಯಾಸ ಮಾಡೋಕೆ ದೂರ ಹೋಗ್ಬೇಕಿಲ್ಲ. ಕೈಗಾರಿಕಾ ಕ್ರಾಂತಿ ಪಾಠದಲ್ಲಿ ಇಂಗ್ಲೆಂಡಿನ ಬಟ್ಟೆ ಗಿರಣಿಗಳ ಬಗ್ಗೆ ಓದ್ತೀವಿ. ನಮ್ಮ ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು. ಹತ್ತಿ ಗಿರಣಿಗಳ ಸೈರನ್‌ಗೆ ಊರು ಏಳ್ತಿತ್ತು ಅಂತ ಹಳಬರು ಹೇಳ್ತಾರೆ. ಈಗ ಆ ಗಿರಣಿಗಳು ಮುಚ್ಚಿವೆ. ಯಾಕೆ ಮುಚ್ಚಿದ್ವು? ಕೆಲಸಗಾರರು ಏನಾದ್ರು? ಗಿರಣಿಲಿ ದುಡಿದ ಅಜ್ಜಂದಿರು ಇನ್ನೂ ಇದಾರೆ. ಮೂರು ಜನರನ್ನ ಮಾತಾಡಿಸಿ. ಮೂವರೂ ಬೇರೆ ಬೇರೆ ಕಾರಣ ಹೇಳ್ತಾರೆ. ಯಾರು ಹೇಳಿದ್ದು ಯಾವುದಕ್ಕೆ ಹೊಂದುತ್ತೆ, ಹಳೇ ಪೇಪರಲ್ಲಿ ಏನಿದೆ ಅಂತ ನೋಡೋಕೆ ಶುರು ಮಾಡಿದ್ರೆ ಅದೇ ಇತಿಹಾಸದ ಪ್ರಾಕ್ಟಿಕಲ್.

ಹಳ್ಳಿಯವ್ರಿಗೆ ಇನ್ನೂ ಸುಲಭ. ದೇವಸ್ಥಾನದ ಹತ್ರ ಶಾಸನದ ಕಲ್ಲೋ ವೀರಗಲ್ಲೋ ಇದೆಯಾ ನೋಡಿ. ಬಿ.ಎಲ್. ರೈಸ್ ನೂರು ವರ್ಷಕ್ಕೂ ಹಿಂದೆಯೇ ಹಳೇ ಮೈಸೂರು ಸಂಸ್ಥಾನದ ಶಾಸನಗಳನ್ನ ತಾಲ್ಲೂಕುವಾರು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಸೇರಿಸಿದಾರೆ. ನಿಮ್ಮೂರಿನ ಹೆಸರು ಅದರಲ್ಲಿರಬಹುದು.

ಭಾಗ 7/8

ನಮ್ಮ ಮೇಷ್ಟ್ರು ಒಬ್ರ ಹತ್ರ ಇದೆಲ್ಲ ಹೇಳಿದಾಗ ಅವರು ನಕ್ಕು "ಎಲ್ಲ ಸರಿ, ಯಾವಾಗ ಮಾಡ್ಸೋದಪ್ಪ?" ಅಂದ್ರು. ಅವರ ತೊಂದರೆ ಸುಳ್ಳಲ್ಲ.

ಮೊದಲನೇದು, ಟೈಮಿಲ್ಲ. ಸಿಲಬಸ್ ಮುಗಿಸ್ಬೇಕು, ಜೊತೆಗೆ ಚುನಾವಣೆ ಕೆಲಸ, ಸಮೀಕ್ಷೆ ಕೆಲಸ. 2025ರ ದಸರಾ ರಜೆಯಲ್ಲಿ ಮನೆ ಮನೆ ಸಮೀಕ್ಷೆಗೆ ಓಡಾಡಿದ್ದು ಮೇಷ್ಟ್ರು ಮೇಡಂಗಳೇ. ಅದಕ್ಕೇ ನಾನು ವಾರಕ್ಕೊಂದು ಅಂತ ಕೇಳ್ತಿಲ್ಲ. ವರ್ಷಕ್ಕೆ ನಾಲ್ಕು ಸಾಕು. ಹೇಗಿದ್ರೂ 20 ಅಂಕಕ್ಕೆ ಏನೋ ಒಂದು ಮಾಡಿಸ್ಲೇಬೇಕು. ಚಾರ್ಟ್ ಬದಲು ಇದು.

ಎರಡನೇದು, ಅರವತ್ತು ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗೋದು ಹೇಗೆ? ಹೆಣ್ಣುಮಕ್ಕಳ ಮನೇಲಿ ಕಳಿಸಲ್ಲ, ರಸ್ತೆ ದಾಟೋದು ಭಯ. ಎಲ್ರೂ ಹೋಗ್ಲೇಬೇಕು ಅಂತಿಲ್ಲ. ಪೋಸ್ಟ್ ಆಫೀಸಿನವ್ರನ್ನ, ಆಶಾ ಕಾರ್ಯಕರ್ತೆನ, ಪಿಡಿಒನ ಕ್ಲಾಸಿಗೇ ಕರೆಯಬಹುದು. ಮನೆಯಿಂದಲೇ ಬರೋ ಲ್ಯಾಬೂ ಇದೆ: ಕರೆಂಟ್ ಬಿಲ್ಲು, ರೇಷನ್ ಕಾರ್ಡು, ಪಾಸ್‌ಬುಕ್ಕು, ಅಂಗಡಿ ಬಿಲ್ಲು. ಒಂದು ಜಿಎಸ್‌ಟಿ ಬಿಲ್ ಇಟ್ಕೊಂಡು ಸಿಜಿಎಸ್‌ಟಿ ಎಷ್ಟು, ಎಸ್‌ಜಿಎಸ್‌ಟಿ ಎಷ್ಟು, ಒಂದು ಕೇಂದ್ರಕ್ಕೆ ಇನ್ನೊಂದು ರಾಜ್ಯಕ್ಕೆ ಯಾಕೆ ಹೋಗುತ್ತೆ ಅಂತ ನೋಡಿದ್ರೆ ಪರೋಕ್ಷ ತೆರಿಗೆ ಜನ್ಮದಲ್ಲಿ ಮರೆಯಲ್ಲ. ಬಿಸ್ಕತ್ ಪ್ಯಾಕೆಟ್ ತಗೊಳ್ಳೋ ಆರನೇ ಕ್ಲಾಸ್ ಹುಡುಗನೂ ತೆರಿಗೆ ಕಟ್ತಿದಾನೆ. ಇದು ಗೊತ್ತಾದ ದಿನ ಅವನು "ನಮ್ ದುಡ್ಡಲ್ಲಿ ರಸ್ತೆ ಎಲ್ಲಿ?" ಅಂತ ಕೇಳ್ತಾನೆ.

ಮೂರನೇದು, ಕಾಪಿ ಹೊಡೀತಾರೆ. ಗಾಂಧೀಜಿ ಜೀವನಚರಿತ್ರೆ ಕಾಪಿ ಹೊಡೀಬಹುದು. ನಿಮ್ಮ ಬೀದಿಯ ಮಂಡಕ್ಕಿ ಭಟ್ಟಿಲಿ ಕೆಲಸ ಮಾಡೋ ಅಕ್ಕನಿಗೆ ದಿನಕ್ಕೆ ಎಷ್ಟು ಕೂಲಿ, ರಜೆ ಹಾಕಿದ್ರೆ ಕೂಲಿ ಕಟ್ ಆಗುತ್ತಾ ಅನ್ನೋದನ್ನ ಯಾವ ಎಐ ಹೇಳುತ್ತೆ? ಕೇಳ್ಕೊಂಡೇ ಬರಬೇಕು.

ನಾಲ್ಕನೇದು, "ನಾವು ಟೂರ್ ಕರ್ಕೊಂಡು ಹೋಗ್ತೀವಲ್ಲ." ಹಂಪಿಗೆ ಹೋಗಿ ಕಲ್ಲಿನ ರಥದ ಮುಂದೆ ಗ್ರೂಪ್ ಫೋಟೋ ತೆಗೆಸೋದು ಖುಷಿ, ನಾನೂ ಹೋಗಿದೀನಿ. ಆದ್ರೆ ಅದಕ್ಕೆ ದುಡ್ಡು ಕೊಡೋಕಾಗದ ಮಕ್ಕಳು ಮನೇಲೇ ಉಳೀತಾರೆ. ಪಂಚಾಯ್ತಿ ಆಫೀಸಿಗೆ ಹೋಗೋಕೆ ಯಾರೂ ದುಡ್ಡು ಕಟ್ಟಬೇಕಿಲ್ಲ.

ಭಾಗ 8/8

ಕೊನೇದು. ಯಾರು ಏನು ಮಾಡ್ಬೇಕು?

ಹೈಸ್ಕೂಲಲ್ಲಿ ಇರೋರೇ, ಸಾರ್ ಹೇಳೋ ತನಕ ಕಾಯಬೇಡಿ. ಈ ವರ್ಷ ಇಷ್ಟು ಮಾಡಿ ನೋಡಿ.

ಭೂಗೋಳ: ನಿಮ್ಮ ಬೀದಿಯ ನಕ್ಷೆ ನೀವೇ ಬರೀರಿ. ನಲ್ಲಿ, ಚರಂಡಿ, ಬೀದಿ ದೀಪ ಗುರುತು ಮಾಡಿ. ಯಾವ ದೀಪ ಉರಿಯಲ್ಲ ಅಂತ ಬರ್ಕೊಳ್ಳಿ.

ರಾಜ್ಯಶಾಸ್ತ್ರ: ನಿಮ್ಮ ವಾರ್ಡ್ ಅಥವಾ ಪಂಚಾಯ್ತಿ ಸದಸ್ಯರು ಯಾರು ಅಂತ ತಿಳ್ಕೊಂಡು ಒಂದು ಪ್ರಶ್ನೆ ಕೇಳಿ.

ಅರ್ಥಶಾಸ್ತ್ರ: ಮನೇಲಿ ಒಂದು ತಿಂಗಳ ಖರ್ಚು ಬರೆದಿಡಿ. ಅಮ್ಮನ ಹತ್ರ ಕೂತು ಬರೀರಿ, ಪಾಠಕ್ಕಿಂತ ಜಾಸ್ತಿ ಕಲೀತೀರ.

ಸಮಾಜಶಾಸ್ತ್ರ: ದಿನಗೂಲಿ ಮಾಡೋ ಒಬ್ರನ್ನ ಗೌರವದಿಂದ ಮಾತಾಡಿಸಿ. ಅವರು ಬೇಡ ಅಂದ್ರೆ ಬಿಟ್ಟುಬಿಡಿ, ಫೋಟೋ ಹಾಕಬೇಡಿ.

ಇತಿಹಾಸ: ಅಜ್ಜ ಅಜ್ಜಿ ಹೇಳೋದನ್ನ ಫೋನಲ್ಲಿ ರೆಕಾರ್ಡ್ ಮಾಡಿಡಿ. ಇವತ್ತೇ ಮಾಡಿ, ಅವರಿಗೆ ವಯಸ್ಸಾಗ್ತಿದೆ.

ವ್ಯವಹಾರ ಅಧ್ಯಯನ: ಬಿಲ್ ಕೇಳಿ ತಗೊಳ್ಳಿ. ಎಂಆರ್‌ಪಿಗಿಂತ ಜಾಸ್ತಿ ಕೇಳಿದ್ರೆ "ಯಾಕೆ ಅಂಕಲ್?" ಅಂತ ಕೇಳಿ.

ಈಗ ಬಿಕಾಂ ಗೆಳೆಯರೇ. ನಾವು ಓದ್ತಿರೋದು ಅದೇ ಪುಸ್ತಕದ ಆರನೇ ಭಾಗದ ಮುಂದುವರಿಕೆ. ಚೆಕ್ ಕ್ರಾಸಿಂಗ್, ಬಡ್ಡಿ ಲೆಕ್ಕ, ಜಿಎಸ್‌ಟಿ ನಮಗೆ ಬರುತ್ತೆ. ಸಾಲದ ಆ್ಯಪಿನ ಬಡ್ಡಿ ದಿನದ ಲೆಕ್ಕದಲ್ಲಿ ಕಮ್ಮಿ ಕಂಡ್ರೂ ವರ್ಷಕ್ಕೆ ಎಷ್ಟಾಗುತ್ತೆ ಅಂತ ಬೋರ್ಡ್ ಮೇಲೆ ಮಾಡಿ ತೋರ್ಸೋಕೆ ಬರುತ್ತೆ. ಆನ್‌ಲೈನಲ್ಲಿ ದುಡ್ಡು ಹೋದ್ರೆ ತಕ್ಷಣ 1930ಕ್ಕೆ ಫೋನ್ ಮಾಡ್ಬೇಕು ಅಂತ ಹೇಳೋಕೆ ಬರುತ್ತೆ. ನೀವು ಓದಿದ ಹೈಸ್ಕೂಲಿಗೆ ಒಂದು ಶನಿವಾರ ಹೋಗಿ. ಹೆಡ್‌ಮಾಸ್ಟರ್ ಹತ್ರ ಅನುಮತಿ ಕೇಳಿ, ಒಂದು ಪೀರಿಯಡ್ ತಗೊಳ್ಳಿ. ಭಾಷಣ ಬೇಡ, ಒಂದು ಪಾಸ್‌ಬುಕ್ಕು ಒಂದು ಬಿಲ್ಲು ಸಾಕು. ನಾವು ನಾಲ್ಕು ಜನ ಮುಂದಿನ ತಿಂಗಳು ಹೋಗ್ತಿದೀವಿ, ಬರೋರು ಡಿಎಂ ಮಾಡಿ.

ಮೇಷ್ಟ್ರು ಮೇಡಂಗಳು ಯಾರಾದ್ರೂ ಓದ್ತಿದ್ರೆ ಒಂದೇ ಕೋರಿಕೆ. ಈ ವರ್ಷ ಒಂದು ಚಾರ್ಟ್ ಕಮ್ಮಿ ಮಾಡ್ಸಿ, ಒಂದು ದೂರು ಪತ್ರ ಬರೆಸಿ.

ಇವತ್ತಿನ ಹೋಂವರ್ಕ್ ಎಲ್ರಿಗೂ: ನಿಮ್ಮನೆ ನಲ್ಲಿ ನೀರು ಯಾವ ಹೊಳೆ, ಯಾವ ಕೆರೆ, ಯಾವ ಬೋರಿಂದು? ಗೂಗಲ್ ಮಾಡಬೇಡಿ. ನೀರು ಬಿಡೋ ವಾಟರ್‌ಮನ್ ಹತ್ರ ಕೇಳ್ಕೊಂಡು ಬಂದು ಊರಿನ ಹೆಸರಿನ ಜೊತೆ ಕಾಮೆಂಟಲ್ಲಿ ಹಾಕಿ. ಎಷ್ಟು ಊರು ಬರುತ್ತೋ ಅಷ್ಟನ್ನೂ ಒಂದು ನಕ್ಷೆಯಲ್ಲಿ ಹಾಕಿ ಮುಂದಿನ ವಾರ ಪೋಸ್ಟ್ ಮಾಡ್ತೀನಿ.

#ಸಮಾಜವಿಜ್ಞಾನ #ಎಸ್ಸೆಸ್ಸೆಲ್ಸಿ #ದಾವಣಗೆರೆ #ನಮ್ಮೂರಲ್ಯಾಬ್